ದೀರ್ಘ ಪ್ರತ್ಯೇಕವಾಸದ ಬಳಿಕ ದೋಷಾರೋಪವಿಲ್ಲದ ವಿಚ್ಛೇದನ

ಗಂಡ ಹೆಂಡತಿಯರಲ್ಲಿ ಯಾರ ತಪ್ಪನ್ನೂ ಸಾಬೀತುಪಡಿಸದೆ, ದಾಂಪತ್ಯ ಮತ್ತೆ ಕೂಡಿಬರುವಂತಿಲ್ಲ ಎಂಬ ಒಂದೇ ಆಧಾರದ ಮೇಲೆ ನ್ಯಾಯಾಲಯವು ಮದುವೆಯನ್ನು ಕೊನೆಗೊಳಿಸುವ ಕ್ರಮ. ಇಬ್ಬರೂ ವರ್ಷಗಟ್ಟಲೆ ಬೇರೆಯಾಗಿ ಬದುಕಿರುವುದನ್ನು ಹಲವು ದೇಶಗಳು ಇದಕ್ಕೆ ಸಾಕಷ್ಟು ಪುರಾವೆ ಎಂದು ಒಪ್ಪಿವೆ. ಭಾರತದಲ್ಲಿ ಹಾಗಿಲ್ಲ. ಇಬ್ಬರೂ ಒಪ್ಪಿದರೆ ಒಂದು ವರ್ಷದ ಪ್ರತ್ಯೇಕವಾಸ ಸಾಕು. ಒಬ್ಬರು ಒಪ್ಪದಿದ್ದರೆ ಇಪ್ಪತ್ತೈದು ವರ್ಷ ಬೇರೆ ಇದ್ದರೂ ಅದಷ್ಟನ್ನೇ ಹೇಳಿ ಕೌಟುಂಬಿಕ ನ್ಯಾಯಾಲಯದಿಂದ ಬಿಡುಗಡೆ ಪಡೆಯುವಂತಿಲ್ಲ. ಈ ಎರಡು ಸ್ಥಿತಿಗಳ ನಡುವಿನ ಅಂತರವೇ ಅರ್ಧ ಶತಮಾನದಿಂದ ನಮ್ಮ ವಿವಾಹ ಕಾನೂನಿನ ದೊಡ್ಡ ಕೊರತೆಯಾಗಿ ಉಳಿದಿದೆ. ಈ ಲೇಖನ ಮುಖ್ಯವಾಗಿ ಹಿಂದೂ ವಿವಾಹ ಕಾಯ್ದೆಯನ್ನು ಕುರಿತದ್ದು. ಇತರ ಕಾನೂನುಗಳ ವಿಚಾರ ಮುಂದೆ ಬರುತ್ತದೆ.

ಸಮಸ್ಯೆ ಸಣ್ಣದಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆಯಾಗಿ ಇರುವವರೆಂದು ಬರೆಸಿದವರ ಸಂಖ್ಯೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಎರಡೂ ಗುಂಪುಗಳಲ್ಲಿ ಹೆಂಗಸರೇ ಅಧಿಕ. ತವರು ಸೇರಿ ಹತ್ತು ಹದಿನೈದು ವರ್ಷ ಕಳೆದವಳು, ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿಕೊಂಡವನು, ಮಕ್ಕಳ ಮದುವೆಗೆ ಮಾತ್ರ ಒಂದೇ ಚಪ್ಪರದಲ್ಲಿ ಕಾಣಿಸಿಕೊಳ್ಳುವ ದಂಪತಿ: ಇವರೆಲ್ಲ ಕಾನೂನಿನ ಕಣ್ಣಿಗೆ ಇಂದಿಗೂ ಗಂಡ ಹೆಂಡತಿಯರೇ.

ಎರಡು ತಪ್ಪು ತಿಳಿವಳಿಕೆ

ಏಳು ವರ್ಷ ಬೇರೆ ಇದ್ದರೆ ಡೈವರ್ಸ್ ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ ಹಳ್ಳಿಯಿಂದ ಬೆಂಗಳೂರಿನವರೆಗೆ ಇದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಏಳು ವರ್ಷ ಕಾಲ ಒಬ್ಬ ವ್ಯಕ್ತಿ ಬದುಕಿರುವ ಸುದ್ದಿಯೇ ಇಲ್ಲದಿದ್ದರೆ, ಸುದ್ದಿ ತಿಳಿಯಬೇಕಾಗಿದ್ದ ಬಂಧುಗಳಿಗೂ ತಿಳಿಯದಿದ್ದರೆ, ಅವನು ತೀರಿಕೊಂಡಿರಬಹುದೆಂದು ಸಾಕ್ಷ್ಯ ಕಾನೂನು ಭಾವಿಸುತ್ತದೆ; ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮು ಅದನ್ನು ವಿಚ್ಛೇದನದ ಒಂದು ಆಧಾರವಾಗಿಯೂ ಎಣಿಸಿದೆ. ಈ ನಿಯಮವೇ ಬಾಯಿಂದ ಬಾಯಿಗೆ ಹರಿದು ಬೇರೆ ರೂಪ ತಾಳಿರುವಂತಿದೆ. ಗಂಡ ಪಕ್ಕದ ತಾಲ್ಲೂಕಿನಲ್ಲಿ ಅಂಗಡಿ ಇಟ್ಟುಕೊಂಡಿರುವುದು ಎಲ್ಲರಿಗೂ ಗೊತ್ತಿರುವಾಗ ಅದು ಅನ್ವಯಿಸುವುದಿಲ್ಲ. ಅನ್ವಯಿಸುವಾಗಲೂ ವಿಚ್ಛೇದನಕ್ಕೆ ಕೋರ್ಟಿನ ಡಿಕ್ರಿ ಬೇಕೇ ಬೇಕು.

ಎರಡನೆಯದು ಛಾಪಾ ಕಾಗದದ ನಂಬಿಕೆ. ಎರಡೂ ಕಡೆಯ ಹಿರಿಯರು ಕೂತು ಪಂಚಾಯಿತಿ ಮಾಡಿ, ಒಡವೆ ವಸ್ತು ಹಂಚಿ, ‘ಇನ್ನು ಮುಂದೆ ಒಬ್ಬರಿಗೊಬ್ಬರ ಸಂಬಂಧವಿಲ್ಲ’ ಎಂದು ಬಾಂಡ್ ಪೇಪರಿನ ಮೇಲೆ ಬರೆಸಿ ನೋಟರಿಯ ಮುದ್ರೆ ಹಾಕಿಸುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಕಾನೂನಿನ ಬೆಲೆ ಇಲ್ಲ. ಅಪವಾದ ಒಂದುಂಟು. ಹಿಂದೂ ವಿವಾಹ ಕಾಯ್ದೆಯ 29(2)ನೆಯ ಕಲಮು ರೂಢಿಯಲ್ಲಿರುವ ವಿಚ್ಛೇದನವನ್ನು ಉಳಿಸಿಕೊಂಡಿದೆ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಸೋಡಚೀಟಿ ಕೊಟ್ಟು ಬಿಡುವುದು, ಆಮೇಲೆ ಉಡಿಕೆಯ ಮೂಲಕ ಹೆಣ್ಣು ಮರುಮದುವೆಯಾಗುವುದು ಹಳೆಯ ಪದ್ಧತಿ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ನಿಜಕ್ಕೂ ಇದೆ, ಅವಿಚ್ಛಿನ್ನವಾಗಿ ನಡೆದುಬಂದಿದೆ ಎಂಬುದನ್ನು ಅದನ್ನು ನೆಚ್ಚಿಕೊಂಡವರೇ ರುಜುವಾತುಪಡಿಸಬೇಕು ಎಂದು ಯಮನಾಜಿ ಜಾಧವ್ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟ್ ಹೇಳಿದೆ. ರುಜುವಾತು ಸೋತರೆ ಎರಡನೆಯ ಮದುವೆ ಅಸಿಂಧು. ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಅಪರಾಧಕ್ಕೆ ಏಳು ವರ್ಷದವರೆಗೆ ಸೆರೆವಾಸವೂ ಉಂಟು. ಎರಡನೆಯ ಸಂಸಾರ ಹೂಡಿ ಮಕ್ಕಳಾದ ಮೇಲೆ ಈ ಸತ್ಯ ಗೊತ್ತಾದವರ ಪಾಡು ಹೇಳತೀರದು.

ಹಿನ್ನೆಲೆ

ಇಂದಿನ ಕರ್ನಾಟಕದ ಭಾಗಗಳಿಗೆ ವಿಚ್ಛೇದನ ಕಾನೂನು ಒಂದೇ ದಿನ ಬರಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ಹಿಂದೂಗಳಿಗೆ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ ಅನ್ವಯಿಸಿತು; ನಾಲ್ಕು ವರ್ಷದ ಪರಿತ್ಯಾಗ ಅದರಲ್ಲಿ ಒಂದು ಆಧಾರವಾಗಿತ್ತು. ಮದರಾಸು ಪ್ರಾಂತ್ಯದ ಭಾಗವಾಗಿದ್ದ ದಕ್ಷಿಣ ಕನ್ನಡಕ್ಕೆ 1949ರ ಮದರಾಸು ಕಾಯ್ದೆ ಬಂತು. ಜಮ್ಮು ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯ್ದೆ ಜಾರಿಯಾದದ್ದು 1955ರ ಮೇ 18ರಂದು.

ಆ ಕಾಯ್ದೆಯ ಮೂಲ ರೂಪ ಬಹಳ ಬಿಗಿ. ಕ್ರೌರ್ಯ, ಪರಿತ್ಯಾಗಗಳು ಕೂಡ ಆಗ ನ್ಯಾಯಾಂಗ ಪ್ರತ್ಯೇಕತೆಗೆ ಮಾತ್ರ ಕಾರಣಗಳಾಗಿದ್ದವು. ವಿಚ್ಛೇದನಕ್ಕೆ ಅವು ಸಾಲುತ್ತಿರಲಿಲ್ಲ. ಮೊದಲ ಸಡಿಲಿಕೆ 1964ರ ತಿದ್ದುಪಡಿಯಲ್ಲಿ ಬಂತು. ನ್ಯಾಯಾಂಗ ಪ್ರತ್ಯೇಕತೆಯ ಡಿಕ್ರಿಯಾಗಿ, ಅಥವಾ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಗೆ ಡಿಕ್ರಿಯಾಗಿ, ಆ ಬಳಿಕ ಎರಡು ವರ್ಷ ಇಬ್ಬರೂ ಕೂಡಿ ಬಾಳದಿದ್ದರೆ ವಿಚ್ಛೇದನ ಕೇಳಬಹುದೆಂಬುದು ಮೊದಲೂ ಇತ್ತು. ಆದರೆ ಆ ಅವಕಾಶ ಗೆದ್ದವರಿಗೆ ಮಾತ್ರ. 1964ರ 13(1ಎ) ಕಲಮು ಅದನ್ನು ಸೋತವರಿಗೂ ತೆರೆಯಿತು. ತಪ್ಪು ಯಾರದೇ ಇರಲಿ, ಕೂಡಿ ಬಾಳಿಲ್ಲ ಎಂಬ ಸಂಗತಿಗೇ ಕಾನೂನು ಮೊದಲ ಬಾರಿ ತೂಕ ಕೊಟ್ಟಿತು. 1976ರ ತಿದ್ದುಪಡಿ ಆ ಎರಡು ವರ್ಷವನ್ನು ಒಂದಕ್ಕೆ ಇಳಿಸಿತು, ಕ್ರೌರ್ಯ ಮತ್ತು ಪರಿತ್ಯಾಗಗಳನ್ನು ವಿಚ್ಛೇದನದ ಆಧಾರವಾಗಿಸಿತು, ಪರಸ್ಪರ ಸಮ್ಮತಿಯ ವಿಚ್ಛೇದನಕ್ಕಾಗಿ 13ಬಿ ಕಲಮನ್ನು ಸೇರಿಸಿತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಸಮ್ಮತಿಯ ವಿಚ್ಛೇದನ ಮೊದಲಿನಿಂದಲೂ ಇತ್ತು. ಹಿಂದೂ ದಂಪತಿಗಳು ಅದಕ್ಕಾಗಿ ಎರಡು ದಶಕ ಕಾಯಬೇಕಾಯಿತು.

ಇಬ್ಬರೂ ಒಪ್ಪಿದಾಗ

13ಬಿ ಕೇಳುವುದು ಮೂರು ಸಂಗತಿಗಳನ್ನು: ಅರ್ಜಿಯ ದಿನಕ್ಕೆ ಒಂದು ವರ್ಷವಾದರೂ ಬೇರೆಯಾಗಿ ಬದುಕಿರಬೇಕು, ಕೂಡಿ ಬಾಳಲು ಆಗದಿರಬೇಕು, ಮದುವೆ ಮುಗಿಸಲು ಇಬ್ಬರೂ ಒಪ್ಪಿರಬೇಕು. ‘ಬೇರೆಯಾಗಿ ಬದುಕುವುದು’ ಎಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡಿರಾಗಿ ಬಾಳದಿರಬಹುದು ಎಂದು ಸುರೇಷ್ಟಾ ದೇವಿ ಪ್ರಕರಣದಲ್ಲಿ (1991) ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬಾಡಿಗೆ ದುಬಾರಿಯಾದ ನಗರಗಳಲ್ಲಿ ಒಂದೇ ಫ್ಲ್ಯಾಟಿನ ಎರಡು ಕೋಣೆಗಳಲ್ಲಿ ಬದುಕುವವರಿಗೆ ಈ ಮಾತು ಬಹಳ ಮುಖ್ಯ. ಅದೇ ತೀರ್ಪು ಇನ್ನೊಂದನ್ನೂ ಹೇಳಿತು: ಕೊನೆಯ ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು.

ಅರ್ಜಿ ಹಾಕುವುದು ಕೌಟುಂಬಿಕ ನ್ಯಾಯಾಲಯದಲ್ಲಿ. ಮದುವೆಯಾದ ಊರು, ಎದುರುಪಕ್ಷದವರು ಇರುವ ಊರು, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರು, ಇವುಗಳಲ್ಲಿ ಯಾವುದಾದರೂ ಆದೀತು. ಹೆಂಡತಿ ಅರ್ಜಿದಾರಳಾದರೆ ತಾನೀಗ ನೆಲೆಸಿರುವ ಊರಿನಲ್ಲೇ ಹಾಕಬಹುದು. ತವರಿನಲ್ಲಿರುವವರಿಗೆ 2003ರ ತಿದ್ದುಪಡಿ ಕೊಟ್ಟ ದೊಡ್ಡ ಅನುಕೂಲ ಇದು. ಕರ್ನಾಟಕದಲ್ಲಿ ಈ ಅರ್ಜಿಗಳಿಗೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ಸಂಖ್ಯೆ ಬೀಳುತ್ತದೆ. ಲಗ್ನಪತ್ರಿಕೆ ಅಥವಾ ನೋಂದಣಿ ಪ್ರಮಾಣಪತ್ರ, ಮದುವೆಯ ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆಗಳ ಜೊತೆಗೆ ಇಬ್ಬರ ಅಫಿಡವಿಟ್ ಇರುತ್ತದೆ. ಯಾವ ತಿಂಗಳಿನಿಂದ ಬೇರೆ ಇದ್ದಾರೆ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಒಬ್ಬರು ಹೇಳಿದ ತಾರೀಕು ಇನ್ನೊಬ್ಬರ ಮಾತಿಗೆ ತಾಳೆಯಾಗದಿದ್ದರೆ ನ್ಯಾಯಾಧೀಶರು ಅಲ್ಲೇ ತಡೆಯುತ್ತಾರೆ.

ಬೆಂಗಳೂರಿನಲ್ಲಿ ಈ ಕೆಲಸ ನಡೆಯುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ. ಕೂಡಿಸುವ ಪ್ರಯತ್ನವನ್ನು ಮೊದಲು ಮಾಡಬೇಕೆಂದು 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೆಯ ಕಲಮು ವಿಧಿಸುವುದರಿಂದ ಪ್ರಕರಣ ಸಾಮಾನ್ಯವಾಗಿ ಮಧ್ಯಸ್ಥಿಕೆಗೆ ಹೋಗುತ್ತದೆ. ಮೇಜಿನ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ಇವರು, ನಡುವೆ ಮಧ್ಯಸ್ಥಗಾರರು. ಹತ್ತು ವರ್ಷ ಮಾತಿಲ್ಲದೆ ಇದ್ದವರು ಎಷ್ಟೋ ಸಲ ಇಲ್ಲಿಯೇ ಮೊದಲ ಬಾರಿ ಎದುರುಬದುರು ಕೂರುತ್ತಾರೆ. ಕೂಡಿ ಬಾಳುವ ಮಾತು ಅಂಥವರಲ್ಲಿ ಬೇಗ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಲೆಕ್ಕಾಚಾರಕ್ಕೆ. ತವರಿನವರು ಹಾಕಿದ ಒಡವೆ ಎಲ್ಲಿದೆ, ಜಂಟಿ ಹೆಸರಿನ ನಿವೇಶನ ಯಾರಿಗೆ, ಬ್ಯಾಂಕಿನ ಸಾಲದ ಕಂತು ಯಾರು ಕಟ್ಟಬೇಕು, ಮಗಳ ಕಾಲೇಜು ಶುಲ್ಕ ಯಾರದು, ಹಬ್ಬದ ರಜೆಯಲ್ಲಿ ಮಗ ಯಾರ ಮನೆಗೆ. ಎಲ್ಲವನ್ನೂ ರಾಜಿ ಒಪ್ಪಂದದಲ್ಲಿ ಬರೆದು ಸಹಿ ಹಾಕುತ್ತಾರೆ. ಒಟ್ಟು ಮೊತ್ತದ ಜೀವನಾಂಶವನ್ನು ಡಿ.ಡಿ. ರೂಪದಲ್ಲಿ ಕೋರ್ಟಿನಲ್ಲೇ ಕೈಗೆ ಕೊಡುವ ಪರಿಪಾಠ ಹೆಚ್ಚು. ಅದರ ಒಂದು ಭಾಗವನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳುವುದೂ ಉಂಟು.

ಹಳೆಯ ಕ್ರಿಮಿನಲ್ ಪ್ರಕರಣಗಳಿದ್ದರೆ ಅವನ್ನೂ ಇಲ್ಲಿಯೇ ಇತ್ಯರ್ಥಪಡಿಸಬೇಕು. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಅಪರಾಧ, ಅಂದರೆ ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ, ದೂರುದಾರಳು ಹಿಂದೆಗೆದುಕೊಂಡ ಮಾತ್ರಕ್ಕೆ ಮುಗಿಯುವುದಿಲ್ಲ. ರಾಜಿಯಾಗಿದೆ ಎಂದು ಹೈಕೋರ್ಟಿಗೆ ಹೋಗಿ ರದ್ದುಪಡಿಸಿಕೊಳ್ಳಬೇಕು. ಇದನ್ನು ಒಪ್ಪಂದದಲ್ಲಿ ಮರೆತವರು ವಿಚ್ಛೇದನದ ನಂತರವೂ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಲೆಯುತ್ತಾರೆ.

ಅರ್ಜಿ ಸಲ್ಲಿಸಿದ (ಮೊದಲ ಹೇಳಿಕೆಯ) ಬಳಿಕ ಆರು ತಿಂಗಳು ಕಾದು, ಹದಿನೆಂಟು ತಿಂಗಳೊಳಗೆ ಎರಡನೆಯ ಬಾರಿ ಇಬ್ಬರೂ ಬರಬೇಕೆಂಬುದು ಕಾಯ್ದೆಯ ಮಾತು. ದುಡುಕಿದವರಿಗೆ ಯೋಚಿಸಲು ಕೊಟ್ಟ ಸಮಯ ಅದು. ಆದರೆ ಎಂಟು ಹತ್ತು ವರ್ಷ ಬೇರೆ ಇದ್ದವರಿಗೆ ಇನ್ನೂ ಆರು ತಿಂಗಳು ಯೋಚಿಸಿ ಎನ್ನುವುದರಲ್ಲಿ ಅರ್ಥವಿಲ್ಲ. 2017ರ ಸೆಪ್ಟೆಂಬರ್ 12ರಂದು ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅವಧಿ ಕಡ್ಡಾಯವಲ್ಲ ಎಂದಿತು. ಅರ್ಜಿಗೆ ಮುನ್ನವೇ ಒಟ್ಟು ಒಂದೂವರೆ ವರ್ಷದ ಪ್ರತ್ಯೇಕವಾಸ ಆಗಿದ್ದರೆ, ರಾಜಿಯ ಯತ್ನ ಸೋತಿದ್ದರೆ, ಜೀವನಾಂಶ ಮತ್ತು ಮಕ್ಕಳ ವಿಚಾರ ತೀರ್ಮಾನವಾಗಿದ್ದರೆ, ಕಾಯಿಸುವುದರಿಂದ ಯಾತನೆ ಬೆಳೆಯುವುದಷ್ಟೇ ಆದರೆ, ಕೌಟುಂಬಿಕ ನ್ಯಾಯಾಲಯವೇ ಈ ಅವಧಿಯನ್ನು ಮನ್ನಾ ಮಾಡಬಹುದು. ಮೊದಲ ಹೇಳಿಕೆಯಾದ ಒಂದು ವಾರಕ್ಕೆ ಮನ್ನಾ ಅರ್ಜಿ ಹಾಕಿಕೊಳ್ಳಬಹುದು. ಆ ಪ್ರಕರಣದ ದಂಪತಿಯೂ 2008ರಿಂದ ಬೇರೆ ಇದ್ದವರೇ. ದೀರ್ಘ ಪ್ರತ್ಯೇಕವಾಸದವರಿಗೆ ಇತ್ತೀಚಿನ ದಶಕಗಳಲ್ಲಿ ಸಿಕ್ಕ ಅತ್ಯಂತ ಉಪಯುಕ್ತ ತೀರ್ಪು ಇದೇ ಎನ್ನಬೇಕು. ಏಕೆಂದರೆ ಇದನ್ನು ಬಳಸಿಕೊಳ್ಳಲು ದಿಲ್ಲಿಗೆ ಹೋಗಬೇಕಿಲ್ಲ.

ಒಬ್ಬರು ಒಪ್ಪದಿದ್ದಾಗ

ಇಲ್ಲಿಂದ ದಾರಿ ಕಡಿದಾಗುತ್ತದೆ. ಅರ್ಜಿದಾರರಿಗೆ ಉಳಿಯುವುದು 13(1)ನೆಯ ಕಲಮಿನ ದೋಷದ ಆಧಾರಗಳು. ಮೊದಲು ನೆನಪಾಗುವುದು ಎರಡು ವರ್ಷದ ಪರಿತ್ಯಾಗ. ಆದರೆ ಬೇರೆ ಇರುವುದೆಲ್ಲ ಪರಿತ್ಯಾಗವಲ್ಲ. ಮದುವೆಯನ್ನು ಶಾಶ್ವತವಾಗಿ ಬಿಡುವ ಉದ್ದೇಶದಿಂದ, ಸರಿಯಾದ ಕಾರಣವಿಲ್ಲದೆ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಹೊರನಡೆದದ್ದು ಸಾಬೀತಾಗಬೇಕು. ಹೊಡೆತ ತಾಳಲಾರದೆ ತವರಿಗೆ ಬಂದವಳು ಪರಿತ್ಯಾಗ ಮಾಡಿದವಳಲ್ಲ. ಹಾಗೆ ಹೊರಡುವಂತೆ ಮಾಡಿದ ಗಂಡನೇ ಪರಿತ್ಯಾಗಿ. ಇಬ್ಬರೂ ಮೌನವಾಗಿ ಒಪ್ಪಿ ದೂರವಾಗಿದ್ದರೆ ಅದು ಯಾರ ಪರಿತ್ಯಾಗವೂ ಅಲ್ಲ. ದೀರ್ಘ ಪ್ರತ್ಯೇಕವಾಸದ ಬಹುಪಾಲು ಕಥೆಗಳು ಈ ಕೊನೆಯ ಬಗೆಯವೇ: ಹೆರಿಗೆಗೆ ಹೋದವಳನ್ನು ಕರೆಯಲು ಯಾರೂ ಬರಲಿಲ್ಲ, ಅವಳೂ ತಾನಾಗಿ ಹೋಗಲಿಲ್ಲ, ವರ್ಷಗಳು ಕಳೆದವು. ಇದರಲ್ಲಿ ದೋಷಿಯನ್ನು ಹುಡುಕಲು ಹೊರಟರೆ ಕಾನೂನು ಕಕ್ಷಿದಾರರ ಬಾಯಲ್ಲಿ ಇಲ್ಲದ ಮಾತನ್ನು ಆಡಿಸುತ್ತದೆ. ತಣ್ಣಗಾಗಿದ್ದ ವೈಮನಸ್ಸು ಅರ್ಜಿಯ ಪುಟಗಳಲ್ಲಿ ಹೊಸದಾಗಿ ಹೊತ್ತಿಕೊಳ್ಳುತ್ತದೆ. ಶೀಲದ ಮೇಲೆ, ಮನೋಸ್ಥಿತಿಯ ಮೇಲೆ, ಮಕ್ಕಳ ಹುಟ್ಟಿನ ಮೇಲೂ ಆರೋಪಗಳು ಬರುತ್ತವೆ. ದೋಷಾಧಾರಿತ ವಿಚ್ಛೇದನದ ಅತಿ ಕೆಟ್ಟ ಫಲ ಇದು. ಇದರ ಪೆಟ್ಟು ಹೆಚ್ಚು ಬೀಳುವುದು ಹೆಂಗಸರ ಮೇಲೆ, ಮಕ್ಕಳ ಮೇಲೆ.

ನ್ಯಾಯಾಲಯಗಳು ಈ ಬಿಕ್ಕಟ್ಟನ್ನು ಕ್ರೌರ್ಯದ ಅರ್ಥವನ್ನು ಹಿಗ್ಗಿಸಿ ದಾಟಲು ನೋಡಿವೆ. ಸಮರ್ ಘೋಷ್ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್ ಮಾನಸಿಕ ಕ್ರೌರ್ಯದ ಉದಾಹರಣೆಗಳನ್ನು ಪಟ್ಟಿ ಮಾಡುತ್ತ, ದೀರ್ಘಕಾಲದ ನಿರಂತರ ಪ್ರತ್ಯೇಕವಾಸದ ಬಳಿಕವೂ ಹೆಸರಿಗಷ್ಟೇ ಉಳಿದ ಬಂಧವನ್ನು ಕಡಿಯಲು ನಿರಾಕರಿಸುವುದು ಕ್ರೌರ್ಯಕ್ಕೆ ಎಡೆಕೊಡಬಹುದು ಎಂದಿತು. 2023ರ ಏಪ್ರಿಲ್ 26ರ ರಾಕೇಶ್ ರಾಮನ್ ತೀರ್ಪು ಇನ್ನೂ ಮುಂದೆ ಹೋಯಿತು. ನಾಲ್ಕು ವರ್ಷ ಕೂಡಿ ಬಾಳಿ, ಇಪ್ಪತ್ತೈದು ವರ್ಷ ಬೇರೆ ಇದ್ದ, ಒಬ್ಬರ ಮೇಲೊಬ್ಬರು ಹಲವು ಮೊಕದ್ದಮೆ ಹೂಡಿಕೊಂಡಿದ್ದ ದಂಪತಿ ಅವರು. ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ಎಳೆಯುವುದೇ ಇಬ್ಬರಿಗೂ ಕ್ರೌರ್ಯ, ಆದ್ದರಿಂದ ಅದನ್ನು 13(1)ರ ಕ್ರೌರ್ಯದೊಳಗೇ ಓದಬಹುದು ಎಂದು ನ್ಯಾಯಮೂರ್ತಿ ಸುಧಾಂಶು ಧುಲಿಯಾ ಮತ್ತು ಜೆ.ಬಿ. ಪಾರ್ದೀವಾಲಾ ಅವರ ಪೀಠ ಹೇಳಿತು. ಗಂಡ 30 ಲಕ್ಷ ರೂಪಾಯಿ ಜೀವನಾಂಶ ಕೊಡಬೇಕೆಂದು ಆದೇಶಿಸಿತು. ಇನ್ನೊಂದು ಕಡೆ, 2009ರ ವಿಷ್ಣುದತ್ತ ಶರ್ಮ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಸಂಸತ್ತು ಕೊಡದ ಆಧಾರವನ್ನು ತಾನು ಕಾಯ್ದೆಗೆ ಸೇರಿಸಲಾರೆ ಎಂದಿತ್ತು. ಎರಡು ದನಿಗಳ ನಡುವೆ ಜಿಲ್ಲಾ ಮಟ್ಟದ ನ್ಯಾಯಾಧೀಶರು ಎಚ್ಚರಿಕೆಯ ದಾರಿ ಹಿಡಿಯುವುದು ಸಹಜ.

13(1ಎ) ಇನ್ನೊಂದು ಬಾಗಿಲು. ಮೊದಲು ನ್ಯಾಯಾಂಗ ಪ್ರತ್ಯೇಕತೆಯನ್ನೋ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯನ್ನೋ ಪಡೆದು, ಒಂದು ವರ್ಷ ಕೂಡಿ ಬಾಳದೆ ಕಳೆದ ಬಳಿಕ ವಿಚ್ಛೇದನ ಕೇಳುವುದು. ಡಿಕ್ರಿಯ ನಂತರ ಜೊತೆಗೆ ಹೋಗಿ ಬಾಳದಿದ್ದುದಷ್ಟಕ್ಕೇ ಅದನ್ನು ‘ತನ್ನ ತಪ್ಪಿನ ಲಾಭ ಪಡೆಯುವುದು’ ಎನ್ನಲಾಗದು ಎಂದು ಧರ್ಮೇಂದ್ರ ಕುಮಾರ್ ಪ್ರಕರಣದಲ್ಲಿ (1977) ತೀರ್ಮಾನವಾಗಿದೆ. ಪರಿಣಾಮದಲ್ಲಿ ಇದು ದೋಷಾರೋಪವಿಲ್ಲದ ವಿಚ್ಛೇದನಕ್ಕೆ ಬಹಳ ಹತ್ತಿರ. ಆದರೆ ಎರಡು ಮೊಕದ್ದಮೆಗಳ ವೆಚ್ಚ, ಎರಡರ ಕಾಲಹರಣ.

142ನೆಯ ವಿಧಿ

ಸಂವಿಧಾನದ 142ನೆಯ ವಿಧಿ ‘ಸಂಪೂರ್ಣ ನ್ಯಾಯ’ಕ್ಕಾಗಿ ಯಾವ ಆದೇಶವನ್ನಾದರೂ ನೀಡುವ ಅಧಿಕಾರವನ್ನು ಸುಪ್ರೀಂ ಕೋರ್ಟಿಗೆ ಮಾತ್ರ ಕೊಟ್ಟಿದೆ. ಇದನ್ನು ಬಳಸಿ ಮುರಿದ ಮದುವೆಗಳನ್ನು ಕೊನೆಗೊಳಿಸುವುದು ಹಲವು ದಶಕಗಳಿಂದ ನಡೆದಿತ್ತು. ಪೀಠದಿಂದ ಪೀಠಕ್ಕೆ ನಿಲುವು ಬದಲಾಗುತ್ತಿತ್ತು. 2023ರ ಮೇ 1ರಂದು ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಗೊಂದಲ ಬಗೆಹರಿಸಿತು. ಒಬ್ಬರು ವಿರೋಧಿಸಿದರೂ ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂದು ಮನವರಿಕೆಯಾದರೆ ಸುಪ್ರೀಂ ಕೋರ್ಟ್ ವಿಚ್ಛೇದನ ನೀಡಬಹುದು. ನೋಡಬೇಕಾದ ಅಂಶಗಳನ್ನೂ ಪೀಠ ಹೇಳಿತು: ಎಷ್ಟು ಕಾಲ ಕೂಡಿ ಬಾಳಿದರು, ಕೊನೆಗೆ ಯಾವಾಗ ಜೊತೆಗಿದ್ದರು, ಆರೋಪಗಳ ಸ್ವರೂಪವೇನು, ರಾಜಿಗೆ ಎಷ್ಟು ಸಲ ಯತ್ನಿಸಿದರು, ಮಕ್ಕಳ ವಯಸ್ಸೆಷ್ಟು, ಹೆಂಡತಿಯ ಆರ್ಥಿಕ ಸ್ಥಿತಿ ಹೇಗಿದೆ. ಪ್ರತ್ಯೇಕವಾಸ ಸಾಕಷ್ಟು ದೀರ್ಘವಾಗಿರಬೇಕು; ಆರು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗಣನೀಯ ಅಂಶ. ಇದು ಯಾರೂ ಹಕ್ಕಿನಿಂದ ಕೇಳಬಹುದಾದದ್ದಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ರಿಟ್ ಅರ್ಜಿ ಹಾಕಿ ನೇರವಾಗಿ ಇದನ್ನು ಕೇಳುವಂತಿಲ್ಲ.

ವಿವೇಚನೆ ಎಂದರೇನು ಎಂಬುದಕ್ಕೆ ಅದೇ ವರ್ಷದ ಅಕ್ಟೋಬರ್ 10ರ ತೀರ್ಪು ಸಾಕ್ಷಿ. ಗಂಡನಿಗೆ 89 ವರ್ಷ, ವಾಯುಪಡೆಯಿಂದ ನಿವೃತ್ತರು. ಹೆಂಡತಿಗೆ 82. ಮದುವೆಯಾದದ್ದು 1963ರಲ್ಲಿ. ಗಂಡ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದು 1996ರಲ್ಲಿ. ಜಿಲ್ಲಾ ನ್ಯಾಯಾಲಯ ಕೊಟ್ಟ ಡಿಕ್ರಿಯನ್ನು ಹೈಕೋರ್ಟ್ ರದ್ದುಮಾಡಿತ್ತು. ಬಹುಕಾಲದಿಂದ ಬೇರೆ ಇದ್ದೇವೆ, ಮದುವೆ ಮುಗಿದಿದೆ ಎಂಬುದು ಗಂಡನ ವಾದ. ಈ ವಯಸ್ಸಿನಲ್ಲೂ ಅವರನ್ನು ನೋಡಿಕೊಳ್ಳಲು ತಾನು ಸಿದ್ಧ, ವಿಚ್ಛೇದಿತೆ ಎಂಬ ಹೆಸರು ಹೊತ್ತು ಸಾಯಲು ಇಷ್ಟವಿಲ್ಲ ಎಂಬುದು ಅವರ ಪತ್ನಿಯ ಮಾತು. ನ್ಯಾಯಾಲಯ ವಿಚ್ಛೇದನ ನಿರಾಕರಿಸಿತು. ಆ ವೃದ್ಧೆಯ ಮಾತಿನ ತೂಕವನ್ನು ಅಲ್ಲಗಳೆಯಲಾಗದು. ಆದರೂ 27 ವರ್ಷ ಮೂರು ಹಂತದ ನ್ಯಾಯಾಲಯಗಳನ್ನು ಏರಿ ಇಳಿದ ಮೇಲೆ ಫಲ ಪೀಠದ ಅಂತಃಕರಣವನ್ನು ಅವಲಂಬಿಸಿರುವುದು ಒಳ್ಳೆಯ ಕಾನೂನಿನ ಲಕ್ಷಣವಲ್ಲ. ರಾಯಚೂರಿನ ಕೂಲಿ ಹೆಣ್ಣುಮಗಳಿಗೆ ಆ ಮೂರನೆಯ ಹಂತವನ್ನು ಮುಟ್ಟುವುದೇ ಕನಸಿನ ಮಾತು. ಬಿಡುಗಡೆಯ ದಾರಿ ದಿಲ್ಲಿಯ ವಕೀಲರ ಫೀಸು ತೆರಬಲ್ಲವರಿಗಷ್ಟೇ ಇರಕೂಡದು.

ಕೈಗೂಡದ ಮಸೂದೆ

ಕಾನೂನು ಆಯೋಗ ತನ್ನ 71ನೆಯ ವರದಿಯಲ್ಲಿ (1978) ಮೂರು ವರ್ಷದ ಪ್ರತ್ಯೇಕವಾಸವನ್ನು ಮದುವೆ ಮುರಿದುದಕ್ಕೆ ಪುರಾವೆಯಾಗಿ ಒಪ್ಪಬೇಕೆಂದು ಶಿಫಾರಸು ಮಾಡಿತು. 1981ರಲ್ಲಿ ಮಸೂದೆ ಬಂತು, ಬಿದ್ದುಹೋಯಿತು. ನವೀನ್ ಕೊಹ್ಲಿ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ತಿದ್ದುಪಡಿಯ ಸಲಹೆ ಕೊಟ್ಟಿತು. 2009ರಲ್ಲಿ ಆಯೋಗದ 217ನೆಯ ವರದಿ ಅದನ್ನೇ ಪುನರುಚ್ಚರಿಸಿತು. 2010ರ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯನ್ನು ರಾಜ್ಯಸಭೆ 2013ರ ಆಗಸ್ಟಿನಲ್ಲಿ ಅಂಗೀಕರಿಸಿತು. ಲೋಕಸಭೆಯ ಒಪ್ಪಿಗೆ ಸಿಗದೆ 2014ರಲ್ಲಿ ಅದೂ ಅಸುನೀಗಿತು.

ವಿರೋಧಿಸಿದವರಲ್ಲಿ ಸಂಪ್ರದಾಯವಾದಿಗಳಷ್ಟೇ ಇರಲಿಲ್ಲ, ಮಹಿಳಾ ಸಂಘಟನೆಗಳೂ ಇದ್ದವು. ಅವರ ಆತಂಕ ನ್ಯಾಯವಾದದ್ದು. ನಮ್ಮಲ್ಲಿ ದಾಂಪತ್ಯದ ಕಾಲದಲ್ಲಿ ಗಳಿಸಿದ ಆಸ್ತಿ ಇಬ್ಬರದೂ ಎಂಬ ನಿಯಮ ಸಾಮಾನ್ಯವಾಗಿ ಇಲ್ಲ. ಇಪ್ಪತ್ತು ವರ್ಷ ಮನೆ, ಹೊಲ, ಅತ್ತೆ ಮಾವಂದಿರನ್ನು ನೋಡಿಕೊಂಡವಳ ಹೆಸರಿನಲ್ಲಿ ಪಹಣಿಯೂ ಇರುವುದಿಲ್ಲ, ಬ್ಯಾಂಕ್ ಪಾಸ್‌ಬುಕ್ಕೂ ಇರುವುದಿಲ್ಲ. ಅವಳನ್ನು ಮೂರು ವರ್ಷ ದೂರವಿಟ್ಟು ಆಮೇಲೆ ‘ಮದುವೆ ಮುರಿದಿದೆ’ ಎಂದು ಗಂಡ ಕೋರ್ಟಿಗೆ ಬಂದರೆ ಅವಳ ಕೈಯಲ್ಲಿ ಉಳಿಯುವುದೇನು? ರಾಜ್ಯಸಭೆ ಒಪ್ಪಿದ್ದ ಆ ಮಸೂದೆ ಈ ಪ್ರಶ್ನೆಗೆ ಉತ್ತರ ಕೊಟ್ಟಿತ್ತು: ತೀವ್ರ ಆರ್ಥಿಕ ಸಂಕಷ್ಟ ಒದಗುತ್ತದೆಂದು ಹೆಂಡತಿ ವಿಚ್ಛೇದನವನ್ನು ವಿರೋಧಿಸಬಹುದು, ಮಕ್ಕಳ ಪೋಷಣೆಗೆ ಏರ್ಪಾಡಾಗುವವರೆಗೆ ಡಿಕ್ರಿ ತಡೆಯಬಹುದು, ಗಂಡನ ಆಸ್ತಿಯಿಂದ ಅವಳಿಗೂ ಮಕ್ಕಳಿಗೂ ಪರಿಹಾರ ಕೊಡಿಸಬಹುದು. ಪ್ರತ್ಯೇಕವಾಸದ ಆಧಾರ ಮತ್ತು ಆಸ್ತಿಯಲ್ಲಿ ಪಾಲು, ಇವೆರಡೂ ಒಟ್ಟಿಗೆ ಬರಬೇಕು. ಮೊದಲನೆಯದಷ್ಟೇ ಬಂದರೆ ಅನ್ಯಾಯ. ಎರಡೂ ಇಲ್ಲದ ಇಂದಿನ ಸ್ಥಿತಿಯೂ ಅನ್ಯಾಯವೇ.

ಬೇರೆ ಕಾನೂನುಗಳು, ಬೇರೆ ದೇಶಗಳು

ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಅನ್ವಯಿಸುತ್ತದೆ. ಸಮ್ಮತಿಯ ವಿಚ್ಛೇದನ ಅದರೊಳಗೆ ಬಂದದ್ದು 2001ರಲ್ಲಿ, ಅದೂ ಎರಡು ವರ್ಷದ ಪ್ರತ್ಯೇಕವಾಸದ ಷರತ್ತಿನ ಮೇಲೆ. ಉಳಿದವರಿಗೆ ಒಂದು ವರ್ಷ, ಇವರಿಗೇಕೆ ಎರಡು ಎಂದು ಕೇಳಿ ಕೇರಳ ಹೈಕೋರ್ಟ್ 2010ರಲ್ಲಿ ಅದನ್ನು ಒಂದು ವರ್ಷವೆಂದೇ ಓದಬೇಕೆಂದಿತು. ಕರ್ನಾಟಕ ಹೈಕೋರ್ಟ್ ಕೂಡ ಅದೇ ನಿಲುವು ತಳೆಯಿತು. ಮುಸ್ಲಿಮರಲ್ಲಿ ಇಬ್ಬರ ಒಪ್ಪಿಗೆಯ ಮುಬಾರಾತ್ ಹಿಂದಿನಿಂದಲೂ ಇದೆ. ಹೆಂಡತಿಯ ಕಡೆಯಿಂದ ಹೊರಡುವ ಖುಲಾ ಕೂಡ. ಪಾರ್ಸಿಗಳಿಗೆ 1988ರ ತಿದ್ದುಪಡಿ ಸಮ್ಮತಿಯ ದಾರಿ ತೆರೆಯಿತು. ಕಾರವಾರದ ಗಡಿ ದಾಟಿದರೆ ಗೋವಾದಲ್ಲಿ ಪೋರ್ಚುಗೀಸರ 1910ರ ವಿಚ್ಛೇದನ ಕಾನೂನು, ಇಬ್ಬರೂ ಸ್ವಇಚ್ಛೆಯಿಂದ ಹತ್ತು ವರ್ಷ ನಿರಂತರವಾಗಿ ಬೇರೆ ಇದ್ದರೆ ಕಾರಣ ಏನೇ ಇರಲಿ ಅದನ್ನೇ ವಿಚ್ಛೇದನಕ್ಕೆ ಆಧಾರವೆಂದು ಒಪ್ಪಿತ್ತು. ಭಾರತದ ನೆಲದಲ್ಲಿ ಇಂಥ ನಿಯಮ ಹೊಸದೇನಲ್ಲ ಎಂಬುದಕ್ಕೆ ಇಷ್ಟು ಸಾಕು.

ಅಮೆರಿಕದ ಕ್ಯಾಲಿಫೋರ್ನಿಯಾ 1970ರ ಜನವರಿ 1ರಿಂದ ದೋಷಾರೋಪವಿಲ್ಲದ ವಿಚ್ಛೇದನ ತಂದಿತು. ನ್ಯೂಯಾರ್ಕ್ ಕೊನೆಗೆ 2010ರಲ್ಲಿ. ಆಸ್ಟ್ರೇಲಿಯದ 1975ರ ಕಾಯ್ದೆ ಹನ್ನೆರಡು ತಿಂಗಳ ಪ್ರತ್ಯೇಕವಾಸವೊಂದನ್ನೇ ಕೇಳುತ್ತದೆ, ಕೆನಡಾದಲ್ಲೂ ಒಂದು ವರ್ಷ. ಇಂಗ್ಲೆಂಡಿನಲ್ಲಿ ಒಪ್ಪಿಗೆಯಿದ್ದರೆ ಎರಡು ವರ್ಷ, ಇಲ್ಲದಿದ್ದರೆ ಐದು ವರ್ಷ ಎಂಬ ನಿಯಮ ಅರ್ಧ ಶತಮಾನ ನಡೆಯಿತು. 2018ರ ಓವೆನ್ಸ್ ಪ್ರಕರಣದಲ್ಲಿ ದುಃಖದಿಂದಿದ್ದ ಪತ್ನಿಯೊಬ್ಬರಿಗೆ ಐದು ವರ್ಷ ಪೂರೈಸಲು ಕಾಯಲೇಬೇಕಾಗಿ ಬಂದಾಗ ಎದ್ದ ಚರ್ಚೆಯ ಬಳಿಕ ಹೊಸ ಕಾಯ್ದೆ ಬಂದು, 2022ರ ಏಪ್ರಿಲ್ 6ರಿಂದ ಕಾರಣ ಹೇಳುವ ಅಗತ್ಯವೇ ತಪ್ಪಿತು.

ಹೊರದೇಶದಲ್ಲಿರುವ ಕನ್ನಡಿಗರು ಇಲ್ಲಿ ಎಚ್ಚರ ವಹಿಸಬೇಕು. ಧಾರವಾಡದಲ್ಲಿ ಹಿಂದೂ ವಿಧಿಯಂತೆ ಮದುವೆಯಾಗಿ ಅಮೆರಿಕದಲ್ಲಿ ನೆಲೆಸಿದವರು ಅಲ್ಲಿನ ಕೋರ್ಟಿನಲ್ಲಿ ‘ಮದುವೆ ಮುರಿದಿದೆ’ ಎಂದಷ್ಟೇ ಹೇಳಿ ಏಕಪಕ್ಷೀಯವಾಗಿ ಡಿಕ್ರಿ ತಂದರೆ ಅದು ಇಲ್ಲಿ ನಿಲ್ಲುವುದಿಲ್ಲ. 1991ರ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಮಿಸೌರಿಯ ಅಂಥ ಡಿಕ್ರಿಯನ್ನು ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ. ಯಾವ ಕಾನೂನಿನಡಿ ಮದುವೆಯಾಯಿತೋ ಆ ಕಾನೂನು ಒಪ್ಪುವ ಆಧಾರ ಬೇಕು. ಇಲ್ಲವೇ ಎದುರುಪಕ್ಷದವರು ಆ ವಿಚ್ಛೇದನಕ್ಕೆ ಸ್ವತಃ ಒಪ್ಪಿಗೆ ಕೊಟ್ಟಿರಬೇಕು.

ಬಿಡುಗಡೆ ಪಡೆಯದೆ ಉಳಿದರೆ

ಬೇರೆಯಾಗಿ ನೆಮ್ಮದಿಯಿಂದ ಇದ್ದೇವೆ, ಕೋರ್ಟು ಕಚೇರಿ ಏಕೆ ಎನ್ನುವವರು ಹಲವರು. ಆ ಆಯ್ಕೆಯನ್ನು ಗೌರವಿಸಬೇಕು, ಪರಿಣಾಮಗಳನ್ನೂ ತಿಳಿದಿರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೆಯ ಕಲಮಿನಂತೆ, ಉಯಿಲು ಬರೆಯದೆ ತೀರಿಕೊಂಡ ಹೆಂಗಸಿನ ಸ್ವಂತ ಗಳಿಕೆಗೆ ಮೊದಲ ವಾರಸುದಾರರು ಮಕ್ಕಳು ಮತ್ತು ಗಂಡ. ತಾಯಿ ತಂದೆಯರ ಸರದಿ ಗಂಡನ ವಾರಸುದಾರರಿಗಿಂತಲೂ ಹಿಂದೆ. ತವರಿನ ಆಸರೆಯಲ್ಲಿ ಶಿಕ್ಷಕಿಯಾಗಿ ದುಡಿದು ಮನೆ ಕಟ್ಟಿಸಿದ, ಮಕ್ಕಳಿಲ್ಲದ ಹೆಣ್ಣುಮಗಳ ಮನೆ ಇಪ್ಪತ್ತು ವರ್ಷ ಮುಖ ತೋರಿಸದ ಗಂಡನ ಪಾಲಾಗಬಹುದು. ಇದನ್ನು ತಪ್ಪಿಸಲು ಉಯಿಲು ಬರೆಯುವುದು ಸುಲಭದ ಉಪಾಯ.

ಜೀವನಾಂಶದಲ್ಲೂ ಒಂದು ಸುಳಿ ಇದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಡಿ, ಪರಸ್ಪರ ಒಪ್ಪಿ ಬೇರೆ ಇರುವ ಹೆಂಡತಿಗೆ ಜೀವನಾಂಶದ ಹಕ್ಕಿಲ್ಲ. ಮರುಮದುವೆಯಾಗದ ವಿಚ್ಛೇದಿತೆಗೆ ಇದೆ. ಆದ್ದರಿಂದ ‘ನಾವಿಬ್ಬರೂ ಒಪ್ಪಿ ಬೇರೆ ಇದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕುವ ಮುನ್ನ ಹೆಂಗಸರು ಎರಡು ಬಾರಿ ಯೋಚಿಸಬೇಕು. ರಜನೀಶ್ ಪ್ರಕರಣದ (2020) ಬಳಿಕ ಜೀವನಾಂಶ ಕೇಳುವಾಗ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ವಿವರವನ್ನು ಅಫಿಡವಿಟ್ ಮೂಲಕ ಬಯಲು ಮಾಡಬೇಕು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರುತ್ತದೆ. ಸರ್ಕಾರದ ನೆರವಿನಲ್ಲೂ ಕಾಗದದ ಬೆಲೆ ಇದ್ದೇ ಇದೆ: ಕರ್ನಾಟಕದ ಮನಸ್ವಿನಿ ಮಾಸಾಶನ 40ರಿಂದ 64 ವಯಸ್ಸಿನ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗಾಗಿ ರೂಪಿಸಿದ್ದು.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಿರುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರಿಗೆ, ಅವರ ವರಮಾನ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೆ ಸಾಕು; 15100 ಸಹಾಯವಾಣಿಗೆ ಕರೆ ಮಾಡಿಯೂ ವಿಚಾರಿಸಬಹುದು.